ಕಾಯಿ ಆಡಿದ ಮಾತು

ತಂದೆಯಿಂದ ಮಗನಿಗೆ ಏನೇನು ಇಳಿದು ಬರುತ್ತದೆ ಎಂಬುದು ಮನುಷ್ಯಕುಲವನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ. ಹೊಲ ಬೇಡವೆಂದರೆ ಬಿಟ್ಟುಕೊಡಬಹುದು, ಮನೆ ಬೇಡವೆಂದರೆ ಬೀಗ ಹಾಕಬಹುದು; ರಕ್ತವನ್ನು ಮಾತ್ರ ಯಾರ ಹೆಸರಿಗೂ ಖಾತೆ ಮಾಡಿಕೊಡಲಾಗುವುದಿಲ್ಲ. ಈ ಮಾತನ್ನು ನಾನೊಮ್ಮೆ ನಮ್ಮ ಭಾವನ ಮುಂದೆ ಸಾಕಷ್ಟು ಭಾರವಾದ ದನಿಯಲ್ಲಿ ಹೇಳಿದೆ. ಭಾವ ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದು, "ನಿಮ್ಮಪ್ಪನ ಮೂಗು ಬಂದದಲ್ಲ ನಿಂಗೆ, ಮೊದ್ಲು ಅದುಕ್ಕೆ ಅಳು. ಉಳಿದಿದ್ದು ಆಮೇಲೆ ನೋಡನ" ಎಂದರು.

ನಮ್ಮದು ಅಟ್ಟದ ಕಾಯಿ ಕೊಳ್ಳುವ ಕಸುಬು. ತುರುವೇಕೆರೆ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುತ್ತಾರೆ. ಕೆಳಗಿನ ಒಲೆಯ ಕಾವಿಗೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅದೇ ಉಂಡೆ ಕೊಬ್ಬರಿ. ನಾವು ಅಟ್ಟ ಹತ್ತಿ, ರಾಶಿಯನ್ನು ನೋಡಿ, ಒಪ್ಪಂದ ಮಾಡಿಕೊಂಡು, ನಮ್ಮ ಆಳುಗಳಿಂದ ಸುಲಿಸಿ ಒಡೆಸಿ ತಿಪಟೂರಿಗೆ ಸಾಗಿಸುತ್ತಿದ್ದೆವು.

ನೋಡುವುದು ಎಂದೆ. ನಿಜವಾಗಿ ಅದು ಕೇಳುವುದು. ಕಾಯಿಯ ಒಳಗೇನಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ರಾಶಿಯ ನಾಲ್ಕು ಮೂಲೆಯಿಂದ, ನಡುವಿನಿಂದ, ತಳದಿಂದ ಒಂದೊಂದು ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಕುಳುಕುಳು ಎಂದರೆ ಇನ್ನೂ ನೀರಿದೆ, ಹಸಿ. ಲೊಟಲೊಟ ಎಂದರೆ ಉಂಡೆ ಬಿಟ್ಟಿದೆ, ಹದ. ಏನೂ ಅನ್ನದೆ ಸುಮ್ಮನಿದ್ದರೆ ಒಳಗೆ ಅಂಟಿಕೊಂಡಿದೆ ಅಥವಾ ಕೊಳೆತಿದೆ. ಅನುಮಾನ ಬಂದರೆ ಸೊಂಟದ ಮಚ್ಚು ತೆಗೆದು ಒಂದೆರಡನ್ನು ಅಲ್ಲೇ ಕೊಚ್ಚಿ ನೋಡುವುದೂ ಉಂಟು. ಇಷ್ಟೇ ನಮ್ಮ ವಿದ್ಯೆ. ಇದನ್ನು ನನಗೆ ಕಲಿಸಿದ್ದು ಅಪ್ಪ.

ಅಪ್ಪ ನಲವತ್ತರ ಹತ್ತಿರ ಬಂದಾಗ, ಒಂದು ದಿನ ಕಿವಿಗೆ ಹಿಡಿದ ಕಾಯಿಯನ್ನು ಇಳಿಸಲೇ ಇಲ್ಲ. "ಒಳಗೆ ಯಾವನೋ ಮಾತಾಡ್ತಾವ್ನೆ" ಎಂದ. ಆಳುಗಳು ನಕ್ಕರು, ನಾನೂ ನಕ್ಕೆ. ಮಾತಾಡುವವನನ್ನು ಹೊರಗೆ ಎಳೆಯಲು ಅಪ್ಪ ಕಾಯಿಗಳನ್ನು ಕೊಚ್ಚತೊಡಗಿದಾಗ ನಗುವುದನ್ನು ನಿಲ್ಲಿಸಿದೆವು. ಕೊನೆಗೊಂದು ಮಧ್ಯಾಹ್ನ ಒಳಗಿನವನು ನಮ್ಮ ಚಿಕ್ಕಪ್ಪನ ಹೆಸರು ಹೇಳಿದನಂತೆ. ಮಚ್ಚು ಚಿಕ್ಕಪ್ಪನ ಹೆಗಲಿಗೆ ಇಳಿಯಿತು. ಎರಡನೆಯ ಏಟಿಗೆ ಅಮ್ಮ ಅಡ್ಡ ಬಂದು ಕೈ ಒಡ್ಡಿದಳು. ಅವಳ ಬಲಗೈಯ ಎರಡು ಬೆರಳು ಬಾವಿಕಟ್ಟೆಯ ಪಕ್ಕದಲ್ಲಿ ಬಿದ್ದವು. ಜನ ಅಪ್ಪನನ್ನು ಕೆಡವಿ ತೆಂಗಿನ ಮರಕ್ಕೆ ಬಿಗಿಯುತ್ತಿದ್ದಾಗ ನಾನು ಕಾಗೆ ಓಡಿಸುತ್ತ ನಿಂತಿದ್ದೆ. ಆಗ ನನಗೆ ತೋಚಿದ ಕೆಲಸ ಅದೊಂದೇ.

ಅಪ್ಪ ದೂರದ ಆಸ್ಪತ್ರೆಯಲ್ಲಿ ತೀರಿಕೊಂಡ. ಚಿಕ್ಕಪ್ಪ ಬದುಕಿದ. ಅಮ್ಮ ಉಳಿದ ಬೆರಳುಗಳಲ್ಲೇ ನಮಗೆಲ್ಲ ಮುದ್ದೆ ಕಟ್ಟಿ ಹಾಕಿದಳು. ಮಚ್ಚು ಒಳ್ಳೆಯ ಉಕ್ಕಿನದು. ಎಸೆಯಲು ಯಾರಿಗೂ ಮನಸ್ಸಾಗದೆ ನನ್ನ ಸೊಂಟಕ್ಕೆ ಬಂತು.

ಅಲ್ಲಿಂದ ಮುಂದೆ ನಾನು ಅಲ್ಲಾಡಿಸಿದ ಪ್ರತಿ ಕಾಯಿಗೂ ಎರಡು ಸಲ ಕಿವಿಗೊಟ್ಟಿದ್ದೇನೆ: ಒಂದು ಸಲ ಹದಕ್ಕೆ, ಇನ್ನೊಂದು ಸಲ ಮಾತಿಗೆ. ಮಾತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಪಕ್ಕಕ್ಕಿಡುತ್ತಿದ್ದೆ. ಬೇರೆ ವ್ಯಾಪಾರಿಗಳು ನನ್ನ ನಿಧಾನವನ್ನು ನೋಡಿ, ಇವನ ಕಿವಿ ಬಹಳ ಸೂಕ್ಷ್ಮ ಎಂದು ಹೊಗಳುತ್ತಿದ್ದರು. ಕೀರ್ತಿ ಹೀಗೂ ಬರುತ್ತದೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನೂ ಅಪ್ಪನ ಆ ವಯಸ್ಸಿಗೆ ಬಂದು ನಿಂತೆ. ಮಾಯಸಂದ್ರದ ಆಚೆ ಒಂದು ಹಳ್ಳಿಯಲ್ಲಿ ದೊಡ್ಡ ಅಟ್ಟವೊಂದಕ್ಕೆ ಮಾತಾಗಿತ್ತು. ಮನೆಯ ಯಜಮಾನ ಏಣಿ ಹಿಡಿದು ಕೆಳಗೆ ನಿಂತ. ನಾನು ಹತ್ತಿ, ಬಿದಿರಿನ ದಬ್ಬೆಗಳ ಮೇಲೆ ಕುಕ್ಕರಗಾಲಲ್ಲಿ ಕೂತು, ಶಾಸ್ತ್ರೋಕ್ತವಾಗಿ ಮೂಲೆಯಿಂದ ಶುರು ಮಾಡಿದೆ. ಹೊಗೆ ಕಣ್ಣಿಗೆ ಹತ್ತುತ್ತಿತ್ತು. ನಡುರಾಶಿಯ ಕಾಯೊಂದನ್ನು ಬಲಗಿವಿಗೆ ಹಿಡಿದು ಅಲ್ಲಾಡಿಸಿದೆ. ಲೊಟಲೊಟ ಎಂದಿತು. ಇಳಿಸುವಷ್ಟರಲ್ಲಿ, ಒಂದು ಹೆಂಗಸಿನ ದನಿ, ತಗ್ಗಿಸಿದ ದನಿ, ಸ್ಪಷ್ಟವಾಗಿ ಅಂದಿತು:

"ಅಪ್ಪನಂಗೇ."

ಮತ್ತೆ ಕಿವಿಗೆ ಹಿಡಿದೆ. ಮಾತಿಲ್ಲ. ಮಚ್ಚು ಕೈಗೆ ಬಂದದ್ದು ನನಗೆ ನೆನಪಿಲ್ಲ, ಕೊಚ್ಚಿದ್ದು ನೆನಪಿದೆ. ಒಣಸಿಪ್ಪೆ ಎರಡೇ ಏಟಿಗೆ ಬಾಯಿ ಬಿಟ್ಟಿತು, ಮೂರನೆಯದಕ್ಕೆ ಚಿಪ್ಪು ಸಿಡಿಯಿತು. ಒಳಗೆ ಯಾರೂ ಇರಲಿಲ್ಲ. ಬಹಳ ಒಳ್ಳೆಯ ಕೊಬ್ಬರಿ ಇತ್ತು. ಪಕ್ಕದ ಕಾಯಿಯನ್ನು ಕೊಚ್ಚಿದೆ, ಅದರ ಪಕ್ಕದ್ದನ್ನೂ ಕೊಚ್ಚಿದೆ. ಕೊಬ್ಬರಿಯ ಚೂರು ದಬ್ಬೆಗಳ ಸಂದಿಯಿಂದ ಕೆಳಗೆ ಉದುರುತ್ತಿದ್ದುದನ್ನು ಕಂಡು ಯಜಮಾನ ಏಣಿ ಹತ್ತಿ ಬಂದ. "ಏಯ್, ಯಾಕ್ಲಾ ಹಿಂಗ್ ಕೊಚ್ತೀಯ? ನಿನಗೇನ್ ಹುಚ್ಚು ಹಿಡೀತಾ?" ಎಂದು ನನ್ನ ರಟ್ಟೆಗೆ ಕೈ ಹಾಕಿದ.

ಮಚ್ಚಿನ ಹಿಂಬದಿಯಿಂದ ಅವನ ತಲೆಗೆ ಹೊಡೆದೆ. ಹಿಂಬದಿಯಾಗಿದ್ದು ಅವನ ಪುಣ್ಯ; ನನ್ನ ವಿವೇಕವೇನೂ ಅಲ್ಲ. ಅವನು ಏಣಿಯ ಸಮೇತ ಕೆಳಗೆ ಹೋದ. ನಾನು ಅವನ ಹಿಂದೆಯೇ ಹಾರಿ, ಎದೆಯ ಮೇಲೆ ಕಾಲಿಟ್ಟು, ಅಡುಗೆಮನೆಯ ಬಾಗಿಲಲ್ಲಿ ಬಿಳಿಚಿ ನಿಂತಿದ್ದ ಅವನ ಹೆಂಡತಿಯನ್ನು ಕೇಳಿದೆ: "ಯಾರು ಅಂದಿದ್ದು? ನೀನು ಅಂದೇನವ್ವ? ನಿಜ ಹೇಳು!"

"ಇಲ್ಲ ಕಣಪ್ಪ, ನಾವೇನೂ ಅನ್ನಲಿಲ್ಲ. ಯಾರೂ ಏನೂ ಅನ್ನಲಿಲ್ಲ ಕಣಪ್ಪ," ಎಂದು ಆಕೆ ಕೈ ಮುಗಿದಳು. ಹಿಂದೆ ನಿಂತಿದ್ದ ಸೊಸೆಯೂ ಕೈ ಮುಗಿದಳು.

ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ಮಚ್ಚನ್ನು ನೆಲಕ್ಕೆ ಬಿಟ್ಟು ಕೂತುಕೊಂಡೆ. ಸೂರಿನ ಹಗ್ಗ ಬಿಚ್ಚಿ ತಂದು ಕಂಬಕ್ಕೆ ಕಟ್ಟಿದರು. ನಾನೇ ಕೈ ಹಿಂದಕ್ಕೆ ಕೊಟ್ಟೆ. ಹೇಗೆ ಕಟ್ಟಬೇಕು ಎಂದು ನನಗೆ ಗೊತ್ತಿತ್ತು.

ನನ್ನ ರೋಗವನ್ನು ಮೊದಲು ನಿರ್ಧರಿಸಿದ್ದು ಆ ಊರಿನ ಅರಳಿಕಟ್ಟೆ. ಪೊಲೀಸಿಗೆ ಹೋಗಬೇಕೇ ಬೇಡವೇ ಎಂದು ಹಿರಿಯರು ಕೂತು, "ಅಪ್ಪ ಹುಚ್ಚ, ಮಗನೂ ಹುಚ್ಚ, ಹುಚ್ಚನ ಮ್ಯಾಲೆ ಎಂಥ ಕೇಸು ಬುಡ್ರಯ್ಯ" ಎಂದು ತೀರ್ಪು ಕೊಟ್ಟರು. ಯಜಮಾನನ ತಲೆಗೆ ಹೊಲಿಗೆ ಹಾಕಿಸಿದ್ದೂ, ನನ್ನನ್ನೂ ಮಚ್ಚನ್ನೂ ಬಿಡಿಸಿಕೊಂಡು ಬಂದದ್ದೂ ಭಾವ.

ಮನೆಗೆ ಬಂದಾಗ ನನ್ನ ಹೆಂಡತಿ ಈಳಿಗೆಮಣೆಯನ್ನೂ ಬಿಡದೆ ಮನೆಯ ಕಬ್ಬಿಣವನ್ನೆಲ್ಲ ನೆರೆಮನೆಗೆ ಸಾಗಿಸಿದ್ದಳು. ಮಕ್ಕಳಿಬ್ಬರಿಗೂ ಬಟ್ಟೆ ಹಾಕಿ ತಯಾರು ಮಾಡಿದ್ದಳು. "ಹುಳಿಯಾರಿಗೆ ಹೋಯ್ತೀನಿ ಕಣ್ರೀ, ಅಪ್ಪನ ಮನೆಗೆ. ಅತ್ತೆ ಕೈ ನೋಡ್ಕಂಡೇ ಇಷ್ಟು ವರ್ಷ ಬಾಳಿದೀನಿ. ನಿಮಗೆ ಏನಾಗದೆ ಅಂತ ದೊಡ್ಡ ಡಾಕ್ಟ್ರ ಹತ್ರ ಕೇಳ್ಕಂಡ್ ಬನ್ನಿ. ಅದಲ್ಲ ಅಂದ್ರೆ ಬತ್ತೀನಿ."

"ಅದೇ ಅಂದ್ರೆ?"

ಅವಳು ಚಿಕ್ಕವಳನ್ನು ಎತ್ತಿಕೊಂಡು ಬಸ್ಸಿಗೆ ನಡೆದಳು. ಅಮ್ಮ ಅವಳನ್ನು ತಡೆಯಲಿಲ್ಲ. ಆ ಮೊಂಡು ಕೈಯಿಂದಲೇ ಮಕ್ಕಳ ತಲೆ ಸವರಿ ಕಳಿಸಿದಳು.

ದೊಡ್ಡ ಡಾಕ್ಟರಿಗೆ ಮುಂಚೆ ಚಿಕ್ಕ ದೇವರು ಎಂಬುದು ನಮ್ಮ ಕಡೆಯ ಕ್ರಮ. ಭಾವ ನನ್ನನ್ನು ಗಾಳಿ ಬಿಡಿಸುವ ಪೂಜಾರಿಯೊಬ್ಬನ ಹತ್ತಿರ ಕರೆದೊಯ್ದರು. ಆತ ನನ್ನನ್ನು ಕಂಬಕ್ಕೆ ಬಿಗಿದು, ಮೂರು ಕಾಯಿ ತೆಗೆದುಕೊಂಡು, ನನ್ನ ತಲೆಯ ಸುತ್ತ ನಿವಾಳಿಸಿದ. ನನ್ನೊಳಗೆ ಅಪ್ಪನಿದ್ದರೆ ಒಂದು ಕಾಯಿ ಕೊಳೆತಿರುತ್ತದೆ ಎಂದು ವಿಧಿ. ಕಾಯಿಗಳು ಕಿವಿಯ ಪಕ್ಕದಲ್ಲೇ ಸುತ್ತುತ್ತಿದ್ದವು, ಕಸುಬು ಸುಮ್ಮನಿರಬೇಕಲ್ಲ.

"ಪೂಜಾರಪ್ಪ, ಆ ನಡುವಿನದು ಈಗ್ಲೇ ಕೊಳೆತದೆ, ಬದಲಾಯ್ಸು," ಎಂದೆ.

"ನೋಡ್ರಪ್ಪಾ, ಒಳಗಿರೋನೇ ಒಪ್ಕಂಡ!" ಎಂದು ಕೂಗಿ ಪೂಜಾರಿ ಹುಣಸೆ ಬರಲು ಎತ್ತಿಕೊಂಡ. ಅಪ್ಪನನ್ನು ಹೊರಗೆ ಹಾಕುವ ಉದ್ದೇಶದಿಂದ ಬಿದ್ದ ಏಟುಗಳೆಲ್ಲ ನನ್ನ ಬೆನ್ನಿನ ಮೇಲೆಯೇ ಉಳಿದವು. ಬರಲು ಮುರಿದ ಮೇಲೆ ಇನ್ನೊಂದು ತರಿಸಿದ. ಭಾವನಿಗೂ ಸಾಕಾಯಿತು. "ಹೋಯ್ತು ಬುಡಯ್ಯ, ಹೋಯ್ತು! ನಾನೇ ನೋಡ್ದೆ ಹೋಗಿದ್ದ!" ಎಂದು ಸುಳ್ಳು ಹೇಳಿ ಬಿಡಿಸಿದರು. ಹಿಂತಿರುಗುವಾಗ ಬಸ್ಸಿನಲ್ಲಿ ಒರಗಿಕೊಳ್ಳಲಾಗದೆ ನಿಂತೇ ಬಂದೆ.

ತುಮಕೂರಿನಲ್ಲಿ ಆಗ ಮನಸ್ಸಿನ ಕಾಯಿಲೆಯ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬೆಂಗಳೂರಿನಿಂದ ಬಂದು ಕೂರುತ್ತಿದ್ದರು. ವಯಸ್ಸಾದವರು, ಮೈಸೂರು ಕಡೆಯ ಮಾತು, ಷರಟಿನ ತೋಳು ಗುಂಡಿ ಹಾಕಿಯೇ ಇರುತ್ತಿತ್ತು. ಅವರು ಮೊದಲು ನನ್ನನ್ನಲ್ಲ, ಅಪ್ಪನನ್ನು ವಿಚಾರಿಸಿದರು. ಎಷ್ಟನೇ ವಯಸ್ಸಿಗೆ ಶುರುವಾಯಿತು, ನಿದ್ದೆ ಹೇಗಿತ್ತು, ಮಾತು ದಿನವೂ ಕೇಳುತ್ತಿತ್ತೇ, ಊಟದಲ್ಲಿ ವಿಷ ಇದೆ ಅನ್ನುತ್ತಿದ್ದನೇ, ಅಪ್ಪನ ಅಣ್ಣತಮ್ಮಂದಿರಲ್ಲಿ, ಅಜ್ಜನಲ್ಲಿ ಇತ್ತೇ. ಆಮೇಲೆ ನನ್ನನ್ನು ಒಂದರಿಂದ ಎಣಿಸಲು ಹೇಳಿದರು.

"ಲಾಭ, ಎರಡು, ಮೂರು, ನಾಲ್ಕು..."

ಪೆನ್ನು ನಿಂತಿತು. "ಒಂದು ಎಲ್ಲಿ?"

"ಕಾಯಿ ಎಣಿಸುವಾಗ ನಾವು ಒಂದು ಅನ್ನಲ್ಲ ಸ್ವಾಮಿ. ಲಾಭ ಅಂತೀವಿ."

"ಇಲ್ಲಿ ಕಾಯಿ ಎಲ್ಲಿದೆ?"

"ಇಲ್ಲ. ನಾಲಿಗೆಗೆ ಅಭ್ಯಾಸ ಆಗಿಬಿಟ್ಟಿದೆ."

"ಹಿಂದಕ್ಕೆ ಎಣಿಸಿ."

ಎಣಿಸಿದೆ. "ಮೂರು, ಎರಡು, ಲಾಭ" ಎಂದು ಬಂದು ಮುಟ್ಟಿದೆ. "ಒಟ್ಟಿನಲ್ಲಿ ನಷ್ಟಕ್ಕೆ ಹೋಗಲಿಲ್ಲ," ಎಂದು ಡಾಕ್ಟರು ಏನೋ ಬರೆದುಕೊಂಡರು. ನಂತರ ಮುಖ್ಯ ವಿಷಯಕ್ಕೆ ಬಂದರು.

"ಆ ಮಾತು ಎಷ್ಟು ಸಲ ಕೇಳಿಸಿತು?"

"ಅದೊಂದೇ ಸಲ."

"ಗಂಡಸಿನದೋ ಹೆಂಗಸಿನದೋ?"

"ಹೆಂಗಸಿನದು."

"ಅಟ್ಟದ ಕೆಳಗೆ ಏನಿತ್ತು?"

"ಅಡುಗೆಮನೆ."

"ಅಟ್ಟದ ನೆಲ ಎಂಥದ್ದು?"

"ಬಿದಿರಿನ ದಬ್ಬೆ. ಸಂದಿ ಇರುತ್ತೆ, ಕಾವು ಮೇಲಕ್ಕೆ ಬರಲಿ ಅಂತ."

"ಅಡುಗೆಮನೆಯಲ್ಲಿ ಯಾರಿದ್ದರು?"

"ಮನೆಯಾಕೆ, ಸೊಸೆ. ಆದರೆ ನಾನು ಆಗಲೇ ಕೇಳಿದೆ ಸ್ವಾಮಿ. ಯಾರೂ ಏನೂ ಅನ್ನಲಿಲ್ಲ ಅಂದರು."

"ಕೇಳುವಾಗ ನಿಮ್ಮ ಕೈಯಲ್ಲಿ ಏನಿತ್ತು?"

"ಮಚ್ಚು."

"ಕಾಲು ಎಲ್ಲಿತ್ತು?"

"ಅವರ ಯಜಮಾನರ ಎದೆ ಮೇಲೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗೆ ಕೇಳಿದರೆ ನಾನಾಗಿದ್ದರೂ ಇಲ್ಲ ಅಂತಲೇ ಅನ್ನುತ್ತಿದ್ದೆ ಕಣ್ರೀ. ಆಕೆ ಅಂದಿದ್ದರೆ ಒಂದು ದಾರಿ, ಅನ್ನದೇ ಇದ್ದರೆ ಇನ್ನೊಂದು ದಾರಿ. ಇಲ್ಲಿ ಕೂತು ನಾನು ಅದನ್ನು ಹೇಳಕ್ಕಾಗಲ್ಲ. ಔಷಧಿ ಈಗಲೇ ಬರೆಯಲ್ಲ. ಸರಿಯಾಗಿ ಕೇಳಿಕೊಂಡು ಬನ್ನಿ."

ಭಾವ ದಾರಿಯುದ್ದಕ್ಕೂ ಬೇಡವೆಂದರು. "ಆ ಊರಿಗೆ ಹೋದ್ರೆ ನಿನ್ನ ಹೂತಾಕ್ತಾರೆ ಕಣಯ್ಯ. ಯಾರನ್ನಾದ್ರೂ ಕಳ್ಸಿ ಕೇಳ್ಸನ."

ಬೇರೆಯವರು ಹೋಗಿ ಕೇಳಿದರೆ ಮತ್ತೆ ಅದೇ "ಏನೂ ಅನ್ನಲಿಲ್ಲ ಕಣಪ್ಪ" ಬರುತ್ತದೆ ಎಂದು ನನಗೆ ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಒಬ್ಬರನ್ನು ಬೆನ್ನ ಹಿಂದೆ ಆಡಿಕೊಳ್ಳುವುದು ನಿತ್ಯದ ವ್ಯವಹಾರ. ಅದನ್ನು ಅವರ ಮುಖದ ಮುಂದೆ ಒಪ್ಪಿಕೊಳ್ಳುವುದು ಮಾತ್ರ ಮರ್ಯಾದೆಗೇಡು. ನಾನೇ ಹೋಗಬೇಕು, ಬರಿಗೈಯಲ್ಲಿ ಹೋಗಬೇಕು, ಆಕೆ ನಿಜ ಹೇಳುವ ತನಕ ಕೇಳಬೇಕು ಎಂದು ತೀರ್ಮಾನಿಸಿದೆ. ಆಕೆ ಅಂದಿಲ್ಲವೆಂದು ಖಾತ್ರಿಯಾದರೆ, ಅಲ್ಲಿಂದಲೇ ಬೆಂಗಳೂರಿನ ಬಸ್ಸು ಹತ್ತಿ ಆಸ್ಪತ್ರೆಗೆ ಸೇರಿಕೊಳ್ಳುವುದೆಂದು ಒಂದು ಜೊತೆ ಬಟ್ಟೆಯನ್ನೂ ಕಟ್ಟಿಕೊಂಡೆ. ಭಾವ ಗೊಣಗುತ್ತಲೇ ಜೊತೆಗೆ ಹೊರಟರು.

ಯಜಮಾನ ಜಗಲಿಯಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಅವನ ಇಬ್ಬರು ತಮ್ಮಂದಿರು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಸುಲಿಯುವುದು ನಿಂತಿತು. ನಾನು ಷರಟು ಎತ್ತಿ ಸೊಂಟ ತೋರಿಸಿ, ನೆಲಕ್ಕೆ ಬಗ್ಗಿ ಯಜಮಾನನಿಗೆ ಕೈ ಮುಗಿದೆ. ಅವನು ಮುಖ ತಿರುಗಿಸಿದ. ಮನೆಯಾಕೆ ಬಾಗಿಲಿಗೆ ಬಂದಳು.

"ಅವ್ವಾ, ತಪ್ಪಾಯ್ತು. ಒಂದೇ ಮಾತು ಕೇಳಕ್ಕೆ ಬಂದೆ. ಆವತ್ತು ನಾನು ಅಟ್ಟದ ಮೇಲಿದ್ದಾಗ ನೀವು ಏನಾದ್ರೂ ಅಂದ್ರಾ?"

"ಅಯ್ಯೋ, ಇಲ್ಲ ಕಣಪ್ಪ. ನಾವ್ಯಾಕೆ ಅನ್ನನ?"

"ಅಂದಿದ್ರೆ ನಂಗೆ ಒಳ್ಳೇದು ಅವ್ವಾ. ನೆನಪು ಮಾಡ್ಕಳಿ."

"ಇಲ್ಲಪ್ಪ. ದೇವ್ರಾಣೆ ಇಲ್ಲ."

"ಅಂದಿದೀನಿ ಅನ್ನವ್ವಾ! ಅನ್ನು!" ಎಂದು ಕೂಗುತ್ತ ಮುಂದಕ್ಕೆ ಹೋಗಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ತಮ್ಮಂದಿರಿಗೆ ಅಷ್ಟೇ ಸಾಕಾಯಿತು. ಒಬ್ಬ ನನ್ನ ಜುಟ್ಟು ಹಿಡಿದು ಅಂಗಳಕ್ಕೆ ಎಳೆದ. ಇನ್ನೊಬ್ಬ ತೆಂಗಿನ ಗರಿಯ ಹಸಿ ಮಟ್ಟೆ ತೆಗೆದುಕೊಂಡು ಮೊದಲ ಏಟನ್ನು ಬಲಗಿವಿಯ ಮೇಲೆಯೇ ಕೊಟ್ಟ. ತಲೆಯೊಳಗೆ ಏನೋ ಹರಿದಂತಾಗಿ ಕುತ್ತಿಗೆಯ ಮೇಲೆ ಬಿಸಿಯಾಗಿ ಇಳಿಯಿತು. ಬಿದ್ದೆ. ಪಕ್ಕೆಗೆ ಒದ್ದರು. ಎಡಗೈಯನ್ನು ಮೆಟ್ಟಿ ಮಟ್ಟೆಯಿಂದ ಜಜ್ಜಿದರು. ಮೂಳೆ ಲಟಕ್ಕೆಂದದ್ದು ಉಳಿದ ಕಿವಿಗೆ ಕೇಳಿಸಿತು. ಬಿಡಿಸಲು ಬಂದ ಭಾವನಿಗೂ ಪಾಲು ಸಿಕ್ಕಿತು. ನಾನು ಬಾಯಲ್ಲಿ ಮಣ್ಣು ತುಂಬಿಕೊಂಡು, "ಅಂದಿದೀನಿ ಅನ್ನವ್ವಾ" ಎನ್ನುತ್ತಲೇ ಇದ್ದೆ.

ಕೊನೆಗೆ ಆ ತಾಯಿಗೆ ರೇಗಿತು.

"ಅಂದೆ ಕಣ್ಲಾ! ಅಂದೆ! ಏನೀಗ? 'ಇವ್ನೂ ಅಪ್ಪನಂಗೇ ಕಾಯಿ ಕಿವಿಗಿಟ್ಕಂಡು ಕೂತವ್ನೆ ನೋಡೇ, ಅದೇನ್ ಕತೆ ಹೇಳ್ತದೋ ಇವ್ನಿಗೆ' ಅಂತ ಸೊಸೆ ಹತ್ರ ಅಂದೆ! ಅಂದಿದ್ದಕ್ಕೆ ನನ್ನ ಗಂಡನ ತಲೆ ಒಡೀತೀಯೇನ್ಲಾ, ಮನೆಹಾಳ?"

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಅಂಗಳದಲ್ಲಿ ರಕ್ತದಲ್ಲಿ ಬಿದ್ದುಕೊಂಡು ಹೊಟ್ಟೆ ಹಿಡಿದು ನಕ್ಕೆ. ತಮ್ಮಂದಿರು ಮಟ್ಟೆ ಬಿಟ್ಟು ಹಿಂದಕ್ಕೆ ಸರಿದರು. ನಾನು ಹುಚ್ಚನೆಂದು ಅವರಿಗೆ ನಿಜವಾಗಿ ನಂಬಿಕೆ ಬಂದದ್ದು ಆಗಲೇ ಇರಬೇಕು.

ಭಾವ ಒಡೆದ ತುಟಿಯನ್ನು ಪಂಚೆಯ ಚುಂಗಿನಲ್ಲಿ ಒತ್ತಿಕೊಂಡು, ಕೋರ್ಟಿನ ಅಮೀನನ ಗಾಂಭೀರ್ಯದಲ್ಲಿ ಎದ್ದು ನಿಂತು, "ಇನ್ನೊಂದ್ಸಲ ಹೇಳವ್ವ. ನಾನು ಸಾಕ್ಷಿ," ಎಂದರು. ಆಕೆ ಇನ್ನೊಂದು ಸಲ ಹೇಳಿದಳು. ಸೊಸೆಯೂ ಹೌದೆಂದಳು. ಆಮೇಲೆ ಇಬ್ಬರಿಗೂ ಕುಡಿಯಲು ನೀರು ಕೊಟ್ಟರು. ಯಜಮಾನ ಮಾತ್ರ ಕೊನೆಯವರೆಗೂ ನನ್ನ ಕಡೆ ನೋಡಲಿಲ್ಲ.

ಕೈಗೆ ಪಟ್ಟಿ, ಕಿವಿಗೆ ಹತ್ತಿ ಹಾಕಿಕೊಂಡು ಮುಂದಿನ ವಾರ ಡಾಕ್ಟರ ಮುಂದೆ ಕೂತೆ. ಅವರು ನನ್ನ ಅವತಾರವನ್ನು ನೋಡಿ, "ಸರಿಯಾಗಿ ಕೇಳಿಕೊಂಡು ಬಂದ ಹಾಗಿದೆ," ಎಂದರು. ಎಲ್ಲವನ್ನೂ ಹೇಳಿದೆ. ಅವರು ಇನ್ನೂ ಬಹಳ ಪ್ರಶ್ನೆ ಕೇಳಿ, ಮತ್ತೆ ಎರಡು ಸಲ ಬರಹೇಳಿ, ನೋಡಿದ ಮೇಲೆಯೇ ತೀರ್ಪು ಕೊಟ್ಟರು.

"ನಿಮ್ಮ ತಂದೆಯ ಕಾಯಿಲೆ ನಿಮಗಿಲ್ಲ. ಮುಂದೆಯೂ ಬರಲ್ಲ ಅಂತ ಬರೆದುಕೊಡಲಾರೆ. ಮಕ್ಕಳಿಗೆ ಬರುವುದು ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ಆದರೆ ಬಹಳ ಮಂದಿಗೆ ಬರುವುದೇ ಇಲ್ಲ. ನಿಮ್ಮ ವಯಸ್ಸಿಗೆ ಆಗಲೇ ಅರ್ಧ ದಾರಿ ದಾಟಿದ್ದೀರಿ."

"ಹಾಗಾದರೆ ಆವತ್ತು ನನಗೆ ಆಗಿದ್ದು ಏನು ಸ್ವಾಮಿ?"

"ಭಯ. ಅದರ ಮೇಲೆ ಸಿಟ್ಟು. ಸಿಟ್ಟು ಕಾಯಿಲೆಯಲ್ಲ, ಅದು ನಿಮ್ಮದೇ."

ಬಸ್ಸಿನಲ್ಲಿ ಈ ಮಾತನ್ನು ಅಲ್ಲಾಡಿಸಿ ಅಲ್ಲಾಡಿಸಿ ನೋಡಿದೆ. ಅಮ್ಮನ ಬೆರಳು ಕಡಿದದ್ದು ಅಪ್ಪನ ಕಾಯಿಲೆ ಎಂದು ನಾವೆಲ್ಲ ಅಪ್ಪನನ್ನು ಮನ್ನಿಸಿದ್ದೆವು. ಆ ಯಜಮಾನನ ತಲೆ ಒಡೆದದ್ದು ಯಾವ ಕಾಯಿಲೆಯೂ ಅಲ್ಲ, ನಾನು. ಖುಷಿಪಡಬೇಕಾದ ಸುದ್ದಿಯನ್ನು ಹೊತ್ತುಕೊಂಡು ತಲೆ ತಗ್ಗಿಸಿ ಮನೆಗೆ ಬಂದೆ.

ಹೆಂಡತಿ ಹುಳಿಯಾರಿನಿಂದ ಬಂದು ಇಡೀ ಕಥೆಯನ್ನು ಭಾವನ ಬಾಯಿಂದ ಕೇಳಿಸಿಕೊಂಡಳು. ನನ್ನ ಬಾಯಿಂದ ಬೇಡವೆಂದಳು. ನಂತರ ಒಂದೇ ಷರತ್ತು ಹಾಕಿದಳು: "ಕಾಯಿ ಕೇಳಿ. ಮಚ್ಚು ಆಳುಗಳ ಕೈಲಿರಲಿ." ಅಪ್ಪನ ಮಚ್ಚನ್ನು ಕಮ್ಮಾರನಿಗೆ ಕೊಟ್ಟು ಗುದ್ದಲಿ ಮಾಡಿಸಿದೆವು.

ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಸುಬು ಮಾಡಿದೆ. ಅಪ್ಪನ ಕಾಯಿಲೆ ನನಗೆ ಬರಲಿಲ್ಲ. ಬಲಗಿವಿ ಕೇಳಿಸುತ್ತಿರಲಿಲ್ಲ, ಕಾಯಿಯನ್ನು ಎಡಗಿವಿಗೆ ಹಿಡಿಯುತ್ತಿದ್ದೆ.